ಹೇಳುವುದಕ್ಕಿಂತ ಮೊದಲು ಕೇಳುವುದು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರ ಶಿಬಿರವೆಂದರೆ ಕಾಡು, ನೀರು, ಮಣ್ಣು, ಜೀವವೈವಿಧ್ಯಗಳ ಕುರಿತ ಮಾತು ಎಂಬುದು ರೂಢಿ. ಇಂದು ನನಗೆ ವಹಿಸಿರುವ ವಿಷಯ ಇವು ಯಾವುವೂ ಅಲ್ಲ. ಒಬ್ಬರು ಇನ್ನೊಬ್ಬರೊಡನೆ ಅರ್ಥವಾಗುವಂತೆ ಮಾತನಾಡುವುದು ಹೇಗೆ, ಅದನ್ನು ಅಭ್ಯಾಸದಿಂದ ಕಲಿಯಲು ಸಾಧ್ಯವೇ ಎಂಬುದು ಇಂದಿನ ವಿಷಯ. ಪಟ್ಟಣಗಳಲ್ಲಿ ಇದನ್ನು ‘ಸಂವಹನ ಕೌಶಲ’ ಎಂಬ ಹೆಸರಿನಲ್ಲಿ ಶುಲ್ಕ ಪಡೆದು ಕಲಿಸುತ್ತಾರೆ. ಅಲ್ಲಿ ಸಂದರ್ಶನವನ್ನು ಎದುರಿಸುವ ಬಗೆ, ನಿಲ್ಲುವ ಭಂಗಿ, ಕೈಕುಲುಕುವ ಕ್ರಮ ಮೊದಲಾದವು ಪಾಠವಾಗುತ್ತವೆ. ನಾನು ಹೇಳಹೊರಟಿರುವುದು ಆ ಕೌಶಲವನ್ನಲ್ಲ. ಒಂದೇ ಹಳ್ಳದ ನೀರು ಕುಡಿಯುವ, ಒಂದೇ ಕಾಡಿನ ಅಂಚಿನಲ್ಲಿ ಬದುಕುವ ನಮಗೆ ಪರಸ್ಪರ ಮಾತು ಕೈಕೊಟ್ಟಾಗ ಏನಾಗುತ್ತದೆ, ಕೈಹಿಡಿದಾಗ ಏನಾಗುತ್ತದೆ ಎಂಬುದನ್ನಷ್ಟೇ ವಿಚಾರ ಮಾಡೋಣ.

ತೋಟದಿಂದಲೇ ಆರಂಭಿಸುತ್ತೇನೆ. ಅಡಿಕೆಯ ಕೊಳೆರೋಗ ನಿಮಗೆಲ್ಲ ಗೊತ್ತು. ಬಿಡದೆ ಮಳೆ ಸುರಿಯುವ ದಿನಗಳಲ್ಲಿ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಕೊನೆಯ ಕಾಯಿಗಳನ್ನು ಹಿಡಿಯುತ್ತದೆ. ಕಾಯಿ ಕೊಳೆತು ಉದುರುತ್ತದೆ. ಅದರ ಬೀಜಾಣುಗಳು ಮಳೆಹನಿಯ ಸಿಡಿತದಿಂದ, ಗಾಳಿಯಿಂದ ಹರಡುತ್ತವೆ. ಅವಕ್ಕೆ ಬೇಲಿ ತಿಳಿಯದು. ನಾನು ನನ್ನ ತೋಟಕ್ಕೆ ಸಕಾಲದಲ್ಲಿ ಬೋರ್ಡೋ ದ್ರಾವಣ ಹೊಡೆದರೂ ನೆರೆಯವರ ತೋಟದಲ್ಲಿ ರೋಗದ ಕಾಯಿಗಳು ಬಿದ್ದಲ್ಲೇ ಉಳಿದರೆ ನನ್ನ ಶ್ರಮದ ಒಂದು ಪಾಲು ನೀರುಪಾಲು. ಈಚಿನ ವರ್ಷಗಳಲ್ಲಿ ಮಲೆನಾಡನ್ನು ಕಂಗೆಡಿಸಿರುವ ಎಲೆಚುಕ್ಕಿ ರೋಗವೂ ಹೀಗೆಯೇ. ಒಂದು ಕಣಿವೆಯ ತೋಟಿಗರೆಲ್ಲ ಒಟ್ಟಾಗಿ ರೋಗದ ಸೋಗೆಗಳನ್ನು ತೆಗೆಯಬೇಕು, ಒಂದೇ ಅವಧಿಯಲ್ಲಿ ಸಿಂಪಡಿಸಬೇಕು. ಇಷ್ಟು ಹೇಳಿಬಿಡುವುದು ವಿಜ್ಞಾನಿಗೆ ಸುಲಭ. ಆದರೆ ಅಣ್ಣತಮ್ಮಂದಿರಲ್ಲೇ ಮಾತು ನಿಂತುಹೋಗಿರುವ, ನೀರಿನ ಸರದಿಗಾಗಿ ಜಗಳವಾಗಿ ಹತ್ತು ವರ್ಷಗಳಿಂದ ಮುಖ ನೋಡದ ಮನೆಗಳಿರುವ ಕಣಿವೆಯಲ್ಲಿ ‘ಒಟ್ಟಾಗಿ’ ಎಂಬ ಆ ಒಂದು ಪದವನ್ನು ಜಾರಿಗೆ ತರುವವರು ಯಾರು? ರೋಗಕ್ಕೆ ಔಷಧ ಅಂಗಡಿಯಲ್ಲಿದೆ. ಆಡದೆ ಉಳಿದ ಮಾತಿಗೆ ಔಷಧವನ್ನು ನಾವೇ ತಯಾರಿಸಿಕೊಳ್ಳಬೇಕು.

ಬೋರ್ಡೋ ದ್ರಾವಣದ ಹುಟ್ಟಿನ ಕಥೆಯೇ ಇಂದಿನ ವಿಷಯಕ್ಕೆ ಒಳ್ಳೆಯ ಪಾಠ. 1882ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿತೋಟಗಳಿಗೆ ಬೂಜುರೋಗ ತಗುಲಿ ಎಲೆಗಳೆಲ್ಲ ಉದುರುತ್ತಿದ್ದವು. ಆ ದಾರಿಯಲ್ಲಿ ನಡೆದುಹೋಗುತ್ತಿದ್ದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ, ದಾರಿಯ ಅಂಚಿನ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿರುವುದನ್ನು ಗಮನಿಸಿದರು. ತಾವೇ ಕಾರಣ ಊಹಿಸಿಕೊಂಡು ಮುಂದೆ ಸಾಗಲಿಲ್ಲ, ತೋಟದವರನ್ನು ಕೇಳಿದರು. ದಾರಿಹೋಕರು ಹಣ್ಣು ಕದಿಯದಿರಲೆಂದು, ನೋಡಿದರೆ ವಿಷದಂತೆ ಕಾಣಲಿ ಎಂದು, ಅಂಚಿನ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣವನ್ನು ಬಳಿಯುವುದು ತಮ್ಮ ರೂಢಿ ಎಂದು ಅವರು ತಿಳಿಸಿದರು. ಮಿಲಾರ್ಡೆ ಅದನ್ನು ಪ್ರಯೋಗಗಳಿಂದ ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು. ಜಗತ್ತಿನ ಮೊದಲ ಯಶಸ್ವಿ ಶಿಲೀಂಧ್ರನಾಶಕಗಳಲ್ಲಿ ಒಂದು ಹೀಗೆ ಪ್ರಯೋಗಶಾಲೆಗೆ ಬರುವ ಮೊದಲು ಒಂದು ಪ್ರಶ್ನೆಯಲ್ಲಿ ಹುಟ್ಟಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಕೊಳೆರೋಗದ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಅದೇ ದ್ರಾವಣ ನಮ್ಮ ಅಡಿಕೆ ತೋಟಗಳಿಗೂ ಬಂದಿತು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವ ವಿದ್ಯೆ ನಮ್ಮ ಹಿರಿಯರಿಗೆ ತಿಳಿದಿತ್ತು. ರೋಗಕ್ಕೂ ಕೊನೆಯ ಮೇಲೆ ನಿಲ್ಲುವ ನೀರಿಗೂ ಸಂಬಂಧವಿದೆ ಎಂಬ ಅರಿವು ಆ ಕೊಟ್ಟೆಯಲ್ಲೇ ಅಡಗಿತ್ತು.

ಆದುದರಿಂದ ನನ್ನ ಮೊದಲ ಮಾತು ಇದು: ಸಂವಹನದ ಮೊದಲ ಕೌಶಲ ಕೇಳುವುದು. ಕನ್ನಡದಲ್ಲಿ ‘ಕೇಳು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಪ್ರಶ್ನೆ ಕೇಳುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಈ ಎರಡನ್ನೂ ಒಂದೇ ಪದದಲ್ಲಿ ಇರಿಸಿಕೊಂಡಿರುವ ಭಾಷೆ ನಮ್ಮದು. ಪ್ರಶ್ನೆ ಹಾಕಿ ಉತ್ತರಕ್ಕೆ ಕಿವಿಗೊಡದವನು ಅರ್ಧ ಕೇಳಿದವನು.

ಕಿವಿಗೊಡುವುದೆಂದರೆ ಸುಮ್ಮನೆ ಕುಳಿತಿರುವುದಲ್ಲ. ನಾವು ಬಹುತೇಕ ಸಮಯ ಎದುರಿನವರ ಮಾತು ಮುಗಿಯುವುದನ್ನಷ್ಟೇ ಕಾಯುತ್ತಿರುತ್ತೇವೆ. ಮನಸ್ಸಿನಲ್ಲಿ ನಮ್ಮ ಉತ್ತರ ಆಗಲೇ ಸಿದ್ಧವಾಗುತ್ತಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರು 1957ರಲ್ಲಿ ರಿಚರ್ಡ್ ಫಾರ್ಸನ್ ಅವರೊಡಗೂಡಿ ‘ಸಕ್ರಿಯ ಆಲಿಕೆ’ ಎಂಬ ಕ್ರಮವನ್ನು ವಿವರಿಸಿದರು. ಅದರ ಸಾರ ಸರಳವಾದುದು. ಹೇಳುತ್ತಿರುವವರ ಮಾತಿನ ವಿಷಯವನ್ನೂ ಅದರ ಹಿಂದಿನ ಭಾವನೆಯನ್ನೂ ಗ್ರಹಿಸಬೇಕು; ಗ್ರಹಿಸಿದುದನ್ನು ನಮ್ಮ ಮಾತಿನಲ್ಲಿ ಅವರಿಗೆ ಮರಳಿ ಹೇಳಬೇಕು; ಅವರು ಹೌದೆಂದ ಮೇಲೆ ಮಾತ್ರ ನಮ್ಮ ಅಭಿಪ್ರಾಯಕ್ಕೆ ಸರದಿ. ‘ಹಂದಿಯ ಕಾಟದಿಂದ ಗದ್ದೆ ಬಿಡಬೇಕಾಗಿದೆ’ ಎಂದು ರೈತ ಹೇಳಿದೊಡನೆ ನಾವು ‘ಕಾಡು ನಾಶವಾದುದೇ ಕಾರಣ’ ಎಂದು ಪಾಠ ಆರಂಭಿಸಿದರೆ ಅಲ್ಲಿಗೆ ಮಾತು ಮುಗಿಯಿತು. ‘ರಾತ್ರಿಯಿಡೀ ಕಾದರೂ ಬೆಳೆ ಉಳಿಯದೆ ನಿಮಗೆ ಗದ್ದೆಯೇ ಬೇಡವೆನಿಸಿದೆ, ಅಲ್ಲವೇ?’ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ಯಾವ ತಿಂಗಳು, ಯಾವ ಕಡೆಯಿಂದ, ಯಾವ ತಳಿಗೆ ಹೆಚ್ಚು ಹಾನಿ ಎಂಬ ವಿವರಗಳು ಹೊರಬರುವುದು ಆಮೇಲೆ. ಪರಿಹಾರಕ್ಕೆ ಬೇಕಾದುದೂ ಆ ವಿವರಗಳೇ.

ಇದು ಕೇವಲ ಸೌಜನ್ಯದ ಪ್ರಶ್ನೆಯಲ್ಲ. ಕೆಲವೊಮ್ಮೆ ಜೀವದ ಪ್ರಶ್ನೆ. ಕ್ಯಾಸನೂರು ಕಾಡಿನ ಕಾಯಿಲೆಯನ್ನು ಸೊರಬ ತಾಲ್ಲೂಕಿನಲ್ಲಿ ಗುರುತಿಸಿದ್ದು 1957ರಲ್ಲಿ. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದೂ ಊರಿನಲ್ಲಿ ಜ್ವರ ಕಾಣಿಸಿಕೊಂಡದ್ದೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಜನರು ಅದನ್ನು ‘ಮಂಗನ ಕಾಯಿಲೆ’ ಎಂದೇ ಕರೆದರು. ಉಣುಗುಗಳಿಂದ ಹರಡುವ ಈ ರೋಗದಲ್ಲಿ ಸತ್ತ ಮಂಗವೇ ಇಂದಿಗೂ ಮೊದಲ ಎಚ್ಚರಿಕೆ. ಆ ಮಂಗವನ್ನು ಮೊದಲು ಕಾಣುವವರು ಯಾರು? ಸೊಪ್ಪು, ದರಗು, ಕಟ್ಟಿಗೆಗೆ ಹೋಗುವ ಹೆಂಗಸರು, ದನ ಮೇಯಿಸುವವರು, ಕೂಲಿಕಾರ್ಮಿಕರು. ಊರಿನ ಸಭೆಗಳಲ್ಲಿ ಅತಿ ಕಡಿಮೆ ಮಾತನಾಡುವವರೂ ಇವರೇ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಈ ಕಾಯಿಲೆ ಹಲವರ ಪ್ರಾಣವನ್ನು ತೆಗೆದುಕೊಂಡಿತು. ಕಾಡಿನಿಂದ ಬಂದ ಹೆಂಗಸೊಬ್ಬಳು ‘ಅಲ್ಲಿ ಮಂಗ ಸತ್ತು ಬಿದ್ದಿದೆ’ ಎಂದಾಗ ಆ ಮಾತು ಅಂಗಳದಿಂದ ಆಶಾ ಕಾರ್ಯಕರ್ತೆಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಲುಪುವಂತಿರಬೇಕು. ಯಾರೂ ಅವಳ ಮಾತಿಗೆ ಬೆಲೆ ಕೊಡದ ಊರಿನಲ್ಲಿ ಅವಳು ಅದನ್ನು ಹೇಳುವುದೇ ಇಲ್ಲ.

ಎರಡನೆಯದು ಪದಗಳ ಪ್ರಶ್ನೆ. ಒಂದೇ ಪದವನ್ನು ಇಬ್ಬರು ಆಡುತ್ತಾರೆ, ಅರ್ಥ ಎರಡಾಗಿರುತ್ತದೆ. ಘಟ್ಟದ ಮೇಲಿನ ತೋಟಿಗನಿಗೆ ‘ಬೆಟ್ಟ’ ಎಂದರೆ ತನ್ನ ತೋಟಕ್ಕೆ ಸೊಪ್ಪು ಒದಗಿಸುವ, ಹಿರಿಯರ ಕಾಲದಿಂದ ಹಕ್ಕಿನೊಡನೆ ಬಂದ ಸೊಪ್ಪಿನ ಬೆಟ್ಟ. ಬಯಲುಸೀಮೆಯಿಂದ ಬಂದ ವಿದ್ಯಾರ್ಥಿಗೆ ಬೆಟ್ಟವೆಂದರೆ ಗುಡ್ಡ. ಅಧಿಕಾರಿಗೆ ಅದು ಅರಣ್ಯಭೂಮಿಯ ಒಂದು ವರ್ಗ. ಮೂವರೂ ಒಂದು ಗಂಟೆ ಚರ್ಚಿಸಿ ಎದ್ದುಹೋಗಬಹುದು, ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿರುವುದಿಲ್ಲ. ನಮ್ಮ ಕ್ಷೇತ್ರದಲ್ಲೇ ಇನ್ನೊಂದು ಉದಾಹರಣೆಯಿದೆ. ಕೀಟನಾಶಕವನ್ನು ನಾವೆಲ್ಲ ‘ಔಷಧ’, ‘ಮದ್ದು’ ಎನ್ನುತ್ತೇವೆ. ಈಗಷ್ಟೇ ನಾನೂ ರೋಗಕ್ಕೆ ಔಷಧ ಅಂಗಡಿಯಲ್ಲಿದೆ ಎಂದೆ. ಮಗುವಿಗೆ ಕೊಡುವುದೂ ಔಷಧ, ತೋಟಕ್ಕೆ ಹೊಡೆಯುವುದೂ ಔಷಧ. ಔಷಧ ಎಂದ ಮೇಲೆ ಕೈಗವಸು ಏಕೆ, ಮುಖಕ್ಕೆ ಬಟ್ಟೆ ಏಕೆ, ಖಾಲಿ ಡಬ್ಬವನ್ನು ನೀರಿಗೆ ಬಳಸಿದರೇನು ಎಂಬ ಧೋರಣೆ ಸಹಜವಾಗಿಯೇ ಬರುತ್ತದೆ. ಡಬ್ಬದ ಮೇಲೆ ಬಣ್ಣದ ತ್ರಿಕೋನವಿದೆ. ಕೆಂಪು ಎಂದರೆ ಅತ್ಯಂತ ಹೆಚ್ಚಿನ ವಿಷ, ಹಳದಿ ಅದಕ್ಕಿಂತ ಕಡಿಮೆ, ನಂತರ ನೀಲಿ, ಕೊನೆಯದು ಹಸಿರು. ಹಸಿರು ತ್ರಿಕೋನ ಕಂಡರೆ ‘ಇದು ಹಸಿರು, ಏನೂ ತೊಂದರೆಯಿಲ್ಲ’ ಎಂದು ತಿಳಿಯುವವರಿದ್ದಾರೆ. ಅದು ಕೂಡ ಅಪಾಯದ ಒಂದು ಮೆಟ್ಟಿಲೇ ಎಂದು ಅಂಗಡಿಯವನೂ ಹೇಳುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ. ಒಳ್ಳೆಯ ಸಂವಾದದಲ್ಲಿ ‘ನೀವು ಈ ಪದಕ್ಕೆ ಏನೆಂದು ತಿಳಿದಿದ್ದೀರಿ?’ ಎಂಬ ಪ್ರಶ್ನೆಗೆ ಯಾವಾಗಲೂ ಜಾಗವಿರಬೇಕು.

ಪದವೊಂದು ಇಡೀ ನಾಡನ್ನೇ ಕಂಗೆಡಿಸಿದ ಸಂಗತಿ ನಿಮ್ಮ ನೆನಪಿನಲ್ಲೇ ಇದೆ. ಅದು ‘ಪರಿಸರ ಸೂಕ್ಷ್ಮ ಪ್ರದೇಶ’ ಎಂಬ ಪದ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2010ರಲ್ಲಿ ರಚನೆಯಾಗಿ 2011ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು. ವರದಿ ಇಂಗ್ಲಿಷಿನಲ್ಲಿತ್ತು, ಸಾರ್ವಜನಿಕರಿಗೆ ದೊರೆತದ್ದು 2012ರ ಮೇ ತಿಂಗಳಿನಲ್ಲಿ. ಅಂದರೆ ಯಾರ ಊರುಗಳ ಬಗೆಗೆ ವರದಿ ಬರೆಯಲಾಗಿತ್ತೋ ಅವರಿಗೆ ಅನೇಕ ತಿಂಗಳುಗಳ ಕಾಲ ತಲುಪಿದ್ದು ವರದಿಯಲ್ಲ, ವರದಿಯ ಕುರಿತ ವದಂತಿ. ವಿಪರ್ಯಾಸವೆಂದರೆ, ವಲಯಗಳ ಗಡಿಯನ್ನೂ ನಿಯಮಗಳನ್ನೂ ಗ್ರಾಮಸಭೆಗಳೊಡನೆ ಚರ್ಚಿಸಿಯೇ ಅಂತಿಮಗೊಳಿಸಬೇಕೆಂದು ಅದೇ ಸಮಿತಿ ಹೇಳಿತ್ತು. ಬಳಿಕ ಕಸ್ತೂರಿರಂಗನ್ ನೇತೃತ್ವದ ಕಾರ್ಯಪಡೆ 2013ರ ಏಪ್ರಿಲ್‌ನಲ್ಲಿ ತನ್ನ ವರದಿ ನೀಡಿತು. ಉಪಗ್ರಹ ಚಿತ್ರಗಳ ಆಧಾರದಲ್ಲಿ ಘಟ್ಟದ ಸುಮಾರು ಶೇ. 37 ಭಾಗವನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಅದನ್ನು ಆಧರಿಸಿ 2014ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕರಡು ಅಧಿಸೂಚನೆ ಹೊರಡಿಸಿತು. ಅಲ್ಲಿಂದ ಕರಡಿನ ಮೇಲೆ ಕರಡು ಬಂದು, 2024ರ ಜುಲೈ 31ರಂದು ಆರನೆಯದು ಪ್ರಕಟವಾಯಿತು. ಕರ್ನಾಟಕದ 20,668 ಚದರ ಕಿಲೋಮೀಟರು ಅದರಲ್ಲಿ ಸೇರಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ನಿರ್ಧಾರ ಕೈಗೊಂಡಿತು.

ಆ ಕರಡಿನಲ್ಲಿ ಇದ್ದುದೇನು? ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ಗಣಿಗಾರಿಕೆಗಳ ನಿಷೇಧ. ಹೊಸ ಉಷ್ಣವಿದ್ಯುತ್ ಸ್ಥಾವರಗಳಿಗೆ, ಹೆಚ್ಚು ಮಾಲಿನ್ಯಕಾರಿಯಾದ ಕೆಂಪು ವರ್ಗದ ಹೊಸ ಉದ್ದಿಮೆಗಳಿಗೆ ತಡೆ. 20,000 ಚದರ ಮೀಟರ್ ಮತ್ತು ಅದಕ್ಕೂ ಮಿಗಿಲಾದ ಹೊಸ ಕಟ್ಟಡ ಯೋಜನೆಗಳಿಗೆ, ದೊಡ್ಡ ಉಪನಗರಗಳಿಗೆ ತಡೆ. ಜನರನ್ನು ಒಕ್ಕಲೆಬ್ಬಿಸುವ ಮಾತು ಅದರಲ್ಲಿರಲಿಲ್ಲ. ಆದರೆ ಊರೂರುಗಳಲ್ಲಿ ಹಬ್ಬಿದ್ದು ‘ಮನೆಗೆ ಹೆಂಚು ಹೊದಿಸುವಂತಿಲ್ಲ, ತೋಟಕ್ಕೆ ಹೋಗುವಂತಿಲ್ಲ, ಊರು ಬಿಡಬೇಕು’ ಎಂಬ ಭಯ. ಭಯ ಹಬ್ಬಿಸಿದವರನ್ನು ಮಾತ್ರ ದೂಷಿಸಿ ಸುಮ್ಮನಾಗುವುದು ಸುಲಭ. ಹಾಗೆ ಮಾಡಿದರೆ ಕಾಡಂಚಿನ ಜನರ ಅನುಭವವನ್ನು ನಾವು ಕೇಳಲಿಲ್ಲವೆಂದೇ ಅರ್ಥ. ಅಣೆಕಟ್ಟುಗಳಿಗಾಗಿ ಮುಳುಗಿದ ಊರುಗಳ ನೆನಪು, ಅಭಯಾರಣ್ಯದ ಹೆಸರಿನಲ್ಲಿ ಆದ ಕಿರುಕುಳಗಳು, ಹಕ್ಕುಪತ್ರವಿಲ್ಲದೆ ತಲೆಮಾರುಗಳಿಂದ ಸಾಗುವಳಿ ಮಾಡುತ್ತಿರುವವರ ಆತಂಕ, ಇವೆಲ್ಲ ‘ಸೂಕ್ಷ್ಮ’ ಎಂಬ ಪದಕ್ಕೆ ಜನರ ಮನಸ್ಸಿನಲ್ಲಿ ಅರ್ಥ ತುಂಬಿದವು. ಗಾಡ್ಗೀಳ್ ವರದಿಯಲ್ಲಿ ರಾಸಾಯನಿಕ ಪೀಡೆನಾಶಕಗಳನ್ನು ಕೆಲವು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಬೇಕೆಂಬ ಸಲಹೆಯಿತ್ತು. ‘ಹಾಗಾದರೆ ನನ್ನ ಬೆಳೆಯ ಗತಿಯೇನು?’ ಎಂಬ ರೈತನ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಕೊಡಲು ಅವನ ಜಗಲಿಗೆ ಯಾರು ಹೋದರು? ಸರ್ಕಾರ ಹೋಗಲಿಲ್ಲ, ಪರಿಸರದ ಪರವಾಗಿ ಲೇಖನ ಬರೆದವರಲ್ಲಿ ಹೆಚ್ಚಿನವರೂ ಹೋಗಲಿಲ್ಲ. ಪತ್ರಿಕಾ ಹೇಳಿಕೆಯಿಂದ ಜಗಲಿಯ ಮಾತಿನ ಕೆಲಸವಾಗದು. ಇದರ ಬೆಲೆಯನ್ನು ಘಟ್ಟವೂ ತೆರುತ್ತಿದೆ, ಘಟ್ಟದ ಜನರೂ ತೆರುತ್ತಿದ್ದಾರೆ. ಕಲ್ಲುಕ್ವಾರಿಯನ್ನು ವಿರೋಧಿಸಬೇಕಾದ ರೈತನೇ ಇಂದು ಪರಿಸರ ಎಂಬ ಪದ ಕೇಳಿದರೆ ಸಭೆಯಿಂದ ಎದ್ದುಹೋಗುವ ಸ್ಥಿತಿ ಅನೇಕ ಕಡೆ ಬಂದಿದೆ.

ನಮ್ಮ ನಾಡಿನಲ್ಲೇ ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ಉತ್ತರ ಕನ್ನಡದ ಜನ ನಿಂತಾಗ, 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣವೊಂದು ನಡೆಯಿತು. ವಿಜ್ಞಾನಿಗಳೂ ತೋಟಿಗರೂ ಅಲ್ಲಿ ಒಂದೇ ಸೂರಿನಡಿ ಕುಳಿತರು. ಯೋಜನೆಯ ಲಾಭನಷ್ಟದ ಲೆಕ್ಕವನ್ನು ಮುಳುಗಡೆಯಾಗಲಿರುವವರ ಎದುರಿನಲ್ಲೇ ಚರ್ಚಿಸಲಾಯಿತು. ಆ ಯೋಜನೆಯನ್ನು ಅಂದು ಕೈಬಿಡಲಾಯಿತು. ಎರಡು ವರ್ಷಗಳ ಬಳಿಕ, 1983ರ ಸೆಪ್ಟೆಂಬರ್‌ನಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಪಾದಯಾತ್ರೆ, ಜನಪದ ಕಲೆ, ಮನೆಮನೆಯ ಮಾತುಕತೆಗಳ ಮೂಲಕ ಬೆಳೆಯಿತು. ಅದರ ಘೋಷಣೆಯನ್ನು ಗಮನಿಸಿ: ಉಳಿಸು, ಬೆಳೆಸು, ಬಳಸು. ಮೊದಲ ಎರಡು ಪದಗಳನ್ನು ಯಾವ ಪರಿಸರವಾದಿಯಾದರೂ ಹೇಳಬಲ್ಲ. ಮೂರನೆಯ ಪದ ಬರಬೇಕಾದರೆ ಸೊಪ್ಪು ತರುವ ಹೆಂಗಸಿನ, ನೇಗಿಲಿಗೆ ಮರ ಬೇಕಾದ ರೈತನ ಮಾತನ್ನು ಕೇಳಿರಬೇಕು. ಚಳವಳಿ ಜನರಿಂದ ಕೇಳಿ ತಿಳಿದದ್ದಕ್ಕೆ ‘ಬಳಸು’ ಎಂಬ ಆ ಪದವೇ ಸಾಕ್ಷಿ.

ಮೂರನೆಯ ಕೌಶಲ, ಹೇಳಿದ್ದು ತಲುಪಿತೇ ಎಂದು ಪರೀಕ್ಷಿಸುವುದು. ಶೇ. 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ದ್ರಾವಣವನ್ನು ಸುಣ್ಣದ ತಿಳಿಗೆ ಹೊಯ್ಯಬೇಕು; ಸುಣ್ಣವನ್ನು ಮೈಲುತುತ್ತಿಗೆ ಹೊಯ್ಯಬಾರದು. ಇದನ್ನು ವೇದಿಕೆಯಿಂದ ಹೇಳಿ ‘ತಿಳಿಯಿತೇ?’ ಎಂದು ಕೇಳಿದರೆ ನೂರು ಜನ ತಲೆಯಾಡಿಸುತ್ತಾರೆ. ತಲೆಯಾಡಿಸುವುದು ಮರ್ಯಾದೆ, ತಿಳಿದದ್ದಕ್ಕೆ ಪುರಾವೆಯಲ್ಲ. ‘ನಾಳೆ ನಿಮ್ಮ ತೋಟದಲ್ಲಿ ಇದನ್ನು ಹೇಗೆ ಮಾಡುತ್ತೀರಿ, ಒಮ್ಮೆ ನನಗೆ ಹೇಳಿ ತೋರಿಸಿ’ ಎಂದು ಕೇಳಬೇಕು. ಎಲ್ಲಿ ಎಡವಿದರೆಂಬುದು ಅಲ್ಲೇ ಗೊತ್ತಾಗುತ್ತದೆ. ಎಡವಿದ್ದು ಅನೇಕ ಸಲ ಹೇಳಿದವನ ವಾಕ್ಯದಲ್ಲೇ ಇರುತ್ತದೆ. ದ್ರಾವಣ ಸರಿಯಾಯಿತೇ ಎಂದು ನೋಡಲು ನಾವು ಏನು ಮಾಡುತ್ತೇವೆ? ಶುಭ್ರವಾದ ಕಬ್ಬಿಣದ ಕತ್ತಿಯನ್ನು ಕೆಲವು ನಿಮಿಷ ಅದ್ದಿ ತೆಗೆಯುತ್ತೇವೆ. ಕತ್ತಿಗೆ ತಾಮ್ರದ ಕೆಂಪು ಅಂಟಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ದ್ರಾವಣಕ್ಕೆ ಈ ಪರೀಕ್ಷೆ ಮಾಡುವ ನಾವು ಮಾತಿಗೆ ಮಾತ್ರ ಯಾವ ಪರೀಕ್ಷೆಯನ್ನೂ ಮಾಡದೆ ಮನೆಗೆ ಹೋಗುತ್ತೇವೆ.

ಇಲ್ಲಿ ನೆರೆಯವರ ಪಾತ್ರ ದೊಡ್ಡದು. ಅಮೆರಿಕದ ಅಯೋವಾ ರಾಜ್ಯದಲ್ಲಿ ಸಂಕರಣ ಮೆಕ್ಕೆಜೋಳದ ಬೀಜ ರೈತರಲ್ಲಿ ಹೇಗೆ ಹರಡಿತೆಂದು ರಯಾನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ಬೀಜದ ಸುದ್ದಿ ಹೆಚ್ಚಿನ ರೈತರಿಗೆ ಮೊದಲು ತಲುಪಿದ್ದು ಮಾರಾಟಗಾರರಿಂದ. ಆದರೆ ಬಿತ್ತಬೇಕೆಂಬ ನಿರ್ಧಾರಕ್ಕೆ ಹೆಚ್ಚು ಪ್ರೇರಣೆಯಾದದ್ದು ನೆರೆಯ ರೈತನ ಮಾತು ಮತ್ತು ಅನುಭವ. ಸುದ್ದಿ ಎಲ್ಲಿಂದಲಾದರೂ ಬರಬಹುದು. ನಂಬಿಕೆ ಪಕ್ಕದ ಮನೆಯಿಂದ ಬರುತ್ತದೆ. ಇಂದು ಸುದ್ದಿ ಮೊಬೈಲಿನಲ್ಲಿ ಬರುತ್ತಿದೆ. ಎಲೆಚುಕ್ಕಿಗೆ ಇಂಥ ಔಷಧ, ಸೂಕ್ಷ್ಮ ಪ್ರದೇಶಕ್ಕೆ ಇಂಥ ಶಿಕ್ಷೆ ಎಂದು ಹೆಸರಿಲ್ಲದ ಸಂದೇಶಗಳು ವಾಟ್ಸಪ್ಪಿನಲ್ಲಿ ಊರು ಸುತ್ತುತ್ತವೆ. ಅವು ನಂಬಿಕೆ ಗಳಿಸುವುದು ಬರೆದವನಿಂದಲ್ಲ, ನಮಗೆ ಕಳುಹಿಸಿದ ಪರಿಚಿತನಿಂದ. ಆದುದರಿಂದ ಮುಂದಕ್ಕೆ ಕಳುಹಿಸುವ ಮೊದಲು ಮೂರು ಪ್ರಶ್ನೆ ಹಾಕಿಕೊಳ್ಳೋಣ: ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ತಿಳಿಯಿತು? ಮೂಲ ಕಾಗದವನ್ನು ನೋಡಿದವರು ಯಾರಾದರೂ ಇದ್ದಾರೆಯೇ? ಮೂರಕ್ಕೂ ಉತ್ತರವಿಲ್ಲವಾದರೆ ಆ ಸಂದೇಶ ನಮ್ಮಲ್ಲೇ ನಿಲ್ಲಲಿ.

ನಾಲ್ಕನೆಯದು, ಭಿನ್ನಾಭಿಪ್ರಾಯವಿರುವಾಗ ಆಡುವ ಮಾತು. ಅರಣ್ಯ ರಕ್ಷಕನೊಡನೆ, ಅಧಿಕಾರಿಯೊಡನೆ, ಗುತ್ತಿಗೆದಾರನೊಡನೆ, ಒಮ್ಮೊಮ್ಮೆ ನಮ್ಮದೇ ದಾಯಾದಿಯೊಡನೆ ಮಾತನಾಡಬೇಕಾಗುತ್ತದೆ. ‘ನೀವೆಲ್ಲ ಕಾಡು ಮಾರಿಕೊಂಡವರು’ ಎಂದರೆ ಎದುರಿನವನು ತನ್ನ ಮಾನ ಕಾಪಾಡಿಕೊಳ್ಳಲು ತೊಡಗುತ್ತಾನೆ. ಕಾಡಿನ ಮಾತು ಅಲ್ಲಿಗೇ ಬಿಟ್ಟುಹೋಗುತ್ತದೆ. ‘ಹಳ್ಳದ ಮೇಲ್ಭಾಗದಲ್ಲಿ ಇಷ್ಟು ಮರಗಳು ಹೋಗಿವೆ, ಆಮೇಲೆ ಹಳ್ಳ ಇಷ್ಟು ದಿನ ಮೊದಲೇ ಬತ್ತಿದೆ, ಕೆಳಗಿನ ಮನೆಗಳಿಗೆ ಕುಡಿಯುವ ನೀರಿಲ್ಲ, ನೀವು ಬಂದು ನೋಡಬೇಕೆಂದು ಕೋರುತ್ತೇವೆ’ ಎಂದರೆ ಆತ ಉತ್ತರಿಸಬೇಕಾದದ್ದು ಸಂಗತಿಗೆ. ಕಂಡದ್ದು, ಅದರಿಂದ ನಮಗಾದದ್ದು, ನಮಗೆ ಬೇಕಾದದ್ದು, ಈ ಮೂರನ್ನು ಬೇರ್ಪಡಿಸಿ ಹೇಳುವ ಅಭ್ಯಾಸ ಬೇಕು. ಮೃದುವಾಗಿ ಹೇಳುವುದೆಂದರೆ ಬಿಟ್ಟುಕೊಡುವುದಲ್ಲ. ಸಂಗತಿ ಗಟ್ಟಿಯಾಗಿದ್ದಷ್ಟೂ ದನಿ ಏರಿಸುವ ಅಗತ್ಯ ಕಡಿಮೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು, ಮಾತು ಬಲ್ಲವನು ಅನ್ಯಾಯವನ್ನು ಸಹಿಸುತ್ತಾನೆ ಎಂದು ಅರ್ಥಮಾಡಬಾರದು.

ಇನ್ನು ಮೌನದ ವಿಷಯ. ಅರಣ್ಯಹಕ್ಕು ಕಾಯ್ದೆ 2006ರಲ್ಲಿ ಬಂದಿತು. 2012ರಲ್ಲಿ ಅದರ ನಿಯಮಗಳು ತಿದ್ದುಪಡಿಯಾದವು. ಗ್ರಾಮಸಭೆಯ ಕೋರಂಗೆ ಅರ್ಧದಷ್ಟು ಸದಸ್ಯರು ಬೇಕು; ಹಾಜರಿದ್ದವರಲ್ಲಿ ಮೂರನೆಯ ಒಂದು ಭಾಗವಾದರೂ ಮಹಿಳೆಯರಿರಬೇಕು. ಕಾನೂನು ತಲೆಗಳನ್ನು ಎಣಿಸಬಲ್ಲದು, ಮಾತನ್ನು ಎಣಿಸಲಾರದು. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತು ಸಹಿ ಹಾಕಿ ಎದ್ದುಹೋದವರ ಮೌನವನ್ನು ನಾವು ‘ಒಪ್ಪಿಗೆ’ ಎಂದು ನಡಾವಳಿಯಲ್ಲಿ ಬರೆಯುತ್ತೇವೆ. ಅದು ಒಪ್ಪಿಗೆಯಿರಬಹುದು, ಹೆದರಿಕೆಯಿರಬಹುದು, ‘ಹೇಳಿ ಏನು ಪ್ರಯೋಜನ’ ಎಂಬ ಬೇಸರವೂ ಇರಬಹುದು. ಇದಕ್ಕೆ ಉಪಾಯಗಳಿವೆ. ಗ್ರಾಮೀಣ ಸಹಭಾಗಿತ್ವ ಸಮೀಕ್ಷೆ ಎಂಬ ಕ್ರಮದಲ್ಲಿ ಜನರೇ ನೆಲದ ಮೇಲೆ ರಂಗೋಲಿ ಪುಡಿ, ಬೀಜ, ಕಡ್ಡಿಗಳಿಂದ ತಮ್ಮೂರಿನ ನಕ್ಷೆ ಬಿಡಿಸುತ್ತಾರೆ. ರಾಬರ್ಟ್ ಚೇಂಬರ್ಸ್ ಮೊದಲಾದವರು ಇದನ್ನು ಜಗತ್ತಿಗೆ ಪರಿಚಯಿಸಿದರು. 1980ರ ದಶಕದ ಕೊನೆಯಿಂದ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಇದನ್ನು ವ್ಯಾಪಕವಾಗಿ ಬಳಸಿತು. ವೇದಿಕೆಯ ಮುಂದೆ ನಿಂತು ಒಂದು ವಾಕ್ಯ ಆಡದ ಹೆಂಗಸು, ನೆಲದ ಮೇಲೆ ರಂಗೋಲಿಯಲ್ಲಿ ಬತ್ತಿದ ಒರತೆಯನ್ನು ನಿಸ್ಸಂಕೋಚವಾಗಿ ಗುರುತಿಸುತ್ತಾಳೆ. ರಂಗೋಲಿ ಅವಳ ಕೈಯದು, ಭಾಷಣ ನಮ್ಮದು. ಸಂವಹನ ಸಾಧನವನ್ನು ಆಯುವಾಗ ಅದು ಯಾರ ಕೈಗೆ ಒಗ್ಗುತ್ತದೆ ಎಂದು ಯೋಚಿಸಬೇಕು.

ವಿದ್ಯಾರ್ಥಿ ಮಿತ್ರರೇ, ಕೌಶಲ ಉಪನ್ಯಾಸದಿಂದ ಬರುವುದಿಲ್ಲ. ಈಜಿನಂತೆ ನೀರಿಗಿಳಿದೇ ಕಲಿಯಬೇಕು. ಮುಂದಿನ ಒಂದು ತಿಂಗಳಿಗೆ ನಿಮಗೆ ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಒಂದು, ದಿನಕ್ಕೆ ಒಂದು ಸಂಭಾಷಣೆಯಲ್ಲಾದರೂ ಎದುರಿನವರು ಹೇಳಿದುದನ್ನು ಅವರಿಗೆ ಮರಳಿ ಹೇಳಿ ‘ಸರಿಯೇ?’ ಎಂದು ಕೇಳಿದ ಮೇಲೆಯೇ ನಿಮ್ಮ ಅಭಿಪ್ರಾಯ ತಿಳಿಸಿ. ಎರಡು, 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯಿತಿಯ ದಾಖಲಾತಿಯನ್ನು ಕೇಳಿ ಪಡೆದು ಓದಿ. ಬಳಿಕ ನಿಮ್ಮ ಊರಿನಲ್ಲಿ ನಾಟಿ ಮದ್ದು ಬಲ್ಲ, ಬಿತ್ತನೆಭತ್ತ ಕಾಪಿಟ್ಟ, ಹಳ್ಳದ ಮೀನುಗಳ ಹೆಸರು ಬಲ್ಲ ಹಿರಿಯರೊಬ್ಬರ ಬಳಿ ಕುಳಿತು, ಅದರಲ್ಲಿ ಸೇರದೆ ಉಳಿದುದನ್ನು ಕೇಳಿ ಬರೆದುಕೊಳ್ಳಿ. ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರದಲ್ಲಿ ಮುಗಿಯುವ ಪ್ರಶ್ನೆಗಳನ್ನು ಬಿಟ್ಟು ‘ಹೇಗೆ’, ‘ಯಾವಾಗಿನಿಂದ’ ಎಂಬ ಪ್ರಶ್ನೆಗಳನ್ನು ಹಾಕಿ. ಮೂರು, ಸರ್ಕಾರದ ಯಾವುದಾದರೂ ಒಂದು ಅಧಿಸೂಚನೆಯನ್ನು ಓದಿ, ಅದರಲ್ಲಿರುವುದನ್ನೂ ಇಲ್ಲದಿರುವುದನ್ನೂ ಒಂದು ಪುಟದ ಕನ್ನಡದಲ್ಲಿ ಬರೆದು, ಐದು ಮನೆಗಳ ಜಗಲಿಯಲ್ಲಿ ಓದಿ ಹೇಳಿ. ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಂಡು ಬನ್ನಿ. ಹತ್ತು ವಿದ್ಯಾರ್ಥಿಗಳು ಹೀಗೆ ಮಾಡಿದರೆ ಐವತ್ತು ಮನೆಗಳಿಗೆ ವದಂತಿಗಿಂತ ಮೊದಲು ಮೂಲವೇ ತಲುಪಿದಂತಾಗುತ್ತದೆ.

ಗ್ರಾಮಸ್ಥರಲ್ಲಿ ನನ್ನ ವಿನಂತಿ ಒಂದೇ. ಈ ವರ್ಷದ ಮಳೆಗಾಲಕ್ಕೆ ಮುನ್ನ, ಮೈಲುತುತ್ತು ಕೊಳ್ಳುವ ಮೊದಲು, ನಿಮ್ಮ ಕಣಿವೆಯ ತೋಟಿಗರೆಲ್ಲ ಒಮ್ಮೆ ಒಂದು ಮನೆಯ ಅಂಗಳದಲ್ಲಿ ಸೇರಿ. ಮಾತು ಬಿಟ್ಟವರನ್ನೂ ಕರೆಯಿರಿ. ಹಳೆಯ ಜಗಳವನ್ನು ಅಂದೇ ಇತ್ಯರ್ಥ ಮಾಡಬೇಕಿಲ್ಲ. ಯಾವ ವಾರ ಸಿಂಪಡಣೆ, ಬಿದ್ದ ಕಾಯಿಗಳನ್ನು ಯಾರು ಹೇಗೆ ತೆಗೆಯುವುದು, ಕೊನೆಗಾರರು ಯಾವ ತೋಟದಿಂದ ಆರಂಭಿಸುವುದು ಎಂಬಷ್ಟನ್ನೇ ಮಾತನಾಡಿ. ಮರ ಹತ್ತುವ ಕೊನೆಗಾರರನ್ನೂ ಆ ಮಾತಿಗೆ ಕೂರಿಸಿಕೊಳ್ಳಿ. ಯಾವ ತೋಟದಲ್ಲಿ ರೋಗ ಮೊದಲು ಕಾಣಿಸುತ್ತದೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ. ಸಣ್ಣ ಕೆಲಸಕ್ಕಾಗಿ ಒಟ್ಟಿಗೆ ಕುಳಿತವರು ನಾಳೆ ಕ್ವಾರಿಯ ಬಗೆಗೆ, ನೀರಿನ ಬಗೆಗೆ, ಕಾಡಿನ ಬಗೆಗೆ ಕುಳಿತು ಮಾತನಾಡಬಲ್ಲರು. ಸಣ್ಣದಕ್ಕೂ ಕೂಡದವರಿಗೆ ದೊಡ್ಡ ಸಂಕಟ ಬಂದಾಗ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದೇ ಇಲ್ಲ.

ನಾನು ಬಹಳ ಹೊತ್ತು ಮಾತನಾಡಿದೆ. ವಿಷಯಕ್ಕೆ ನ್ಯಾಯ ಸಲ್ಲಬೇಕಾದರೆ ಉಳಿದ ಹೊತ್ತು ನಿಮ್ಮದಾಗಬೇಕು. ಹಿಂದಿನ ಸಾಲಿನಿಂದಲೇ ಪ್ರಶ್ನೆಗಳು ಆರಂಭವಾಗಲಿ.